ಹಾಲಿ ನೂರೋ, ಕಲ್ದಾರ್ ನೂರೋ?

ಹೋದ ವರ್ಷ ದಸರೆಯ ಮುಂಚೆ ಮನೆ ಸಾರಿಸಿ ಒರೆಸುವ ಗಡಿಬಿಡಿಯಲ್ಲಿ ನಮ್ಮ ಮನೆಯವರು ಅಲಮಾರಿಯ ಮೇಲಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಇಂಥ ಡಬ್ಬಿಗಳಲ್ಲಿ ಏನಿರುತ್ತದೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಕ್ಕು ಹಿಡಿದ ಬೀಗದ ಕೈಗಳು, ಯಾವ ಬೀಗಕ್ಕೆಂದು ಯಾರಿಗೂ ಗೊತ್ತಿಲ್ಲ. ಒಂದು ಕಾಲು ಮುರಿದ ಕನ್ನಡಕ. ಎರಡು ಹಿತ್ತಾಳೆಯ ಗುಂಡಿ. ಅವುಗಳ ನಡುವೆ ಅಂಚೆ ಚೀಟಿಯಷ್ಟು ಅಗಲದ ಒಂದು ನೀಲಿ ಮೆಮರಿ ಕಾರ್ಡು ಇತ್ತು. ಅದನ್ನು ಸುತ್ತಿದ ಕಾಗದದ ಮೇಲೆ ನನ್ನದೇ ಅಕ್ಷರದಲ್ಲಿ, 'ಅವ್ವನ ಹಾಡು, ದೀಪಾವಳಿ 2008' ಎಂದು ಬರೆದಿತ್ತು.

ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಮ್ಮವ್ವ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನವಳು. ಓದು ಬರಹ ಅಷ್ಟಕ್ಕಷ್ಟೆ. ಆದರೆ ಹಾಡು ಎಂದರೆ ಅವಳ ಬಾಯಲ್ಲಿ ಒಂದು ಕಣಜವೇ ಇತ್ತು. ಮದುವೆಯ ಮನೆಯ ಸಂಪ್ರದಾಯದ ಹಾಡು, ದಾಸರ ಪದ, ಬೀಸುವ ಕಲ್ಲಿನ ಮುಂದೆ ಹೇಳುವ ಪದ, ಮೊಹರಮ್ಮಿನಲ್ಲಿ ಊರಿನ ಗಂಡಸರು ಹೆಜ್ಜೆ ಹಾಕುತ್ತ ಹೇಳುತ್ತಿದ್ದ ರಿವಾಯತು ಕೂಡ. ಅದನ್ನು ಅವಳು ಕಟ್ಟೆಯ ಮರೆಯಲ್ಲಿ ನಿಂತು ಕೇಳಿ ಕಲಿತಿದ್ದಳು. ಹೈದರಾಬಾದಿಗೆ ನನ್ನ ಜೊತೆ ಬಂದಮೇಲೆ ಕಣಜಕ್ಕೆ ಬೀಗ ಬಿತ್ತು. ಫ್ಲ್ಯಾಟಿನಲ್ಲಿ ಬೀಸುವ ಕಲ್ಲೆಲ್ಲಿ? ಕೇಳುವವರಾದರೂ ಯಾರು? 2008ರ ದೀಪಾವಳಿಗೆ ಪರದೇಶದಿಂದ ಬಂದ ನನ್ನ ತಂಗಿಯ ಮಗ ಅಂಗೈಯೊಳಗೆ ಹಿಡಿಯುವಂಥ ಒಂದು ಧ್ವನಿಮುದ್ರಣ ಯಂತ್ರ ತಂದಿದ್ದ. ನಾಲ್ಕು ಮಧ್ಯಾಹ್ನ ಅದನ್ನು ಅವ್ವನ ಮುಂದಿಟ್ಟು ಕುಳಿತೆವು. ಮೂವತ್ತೆಂಟು ಹಾಡಾದವು. ಮೊದಲೆರಡು ದಿನ ಅವಳು ನಾಚಿಕೊಂಡು, ಯಾರೋ ದೊಡ್ಡವರ ಮುಂದೆ ಹಾಡುವಂತೆ ಎಣಿಸಿ ಎಣಿಸಿ ಹಾಡಿದಳು. ಮೂರನೆಯ ದಿನ ಯಂತ್ರವನ್ನು ಮರೆತಳು. ಬೀಸುವ ಪದಗಳೆಲ್ಲ ಆಗ ಬಂದವು.

2012ರಲ್ಲಿ ಅವ್ವ ಹೋದಳು. ಹಾಡುಗಳನ್ನು ಬೇರೆಡೆಗೆ ಇಳಿಸಿಕೊಳ್ಳಬೇಕೆಂದು ನಾನು ಪ್ರತಿ ವರ್ಷ ಅಂದುಕೊಳ್ಳುತ್ತಲೇ ಇದ್ದೆ. ಮೊದಮೊದಲು ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ಕಾರ್ಡು ಎಲ್ಲಿಟ್ಟೆನೆಂಬುದೇ ಮರೆತುಹೋಯಿತು. ಯಂತ್ರದೊಳಗಿನ ಸೆಲ್ಲು ಸೋರಿ ಅದು ಎಂದೋ ಕೆಟ್ಟು ಗುಜರಿಗೆ ಹೋಗಿತ್ತು.

ಅಂದೇ ರಾತ್ರಿ ನನ್ನ ಹಳೆಯ ಕಾರ್ಡ್ ರೀಡರನ್ನು ಹುಡುಕಿದೆ. 2004ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡಾಗ ಅದರ ಜೊತೆಗೆ ಕೊಂಡದ್ದು. ಕಾರ್ಡು ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು. ಈ ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಎಂದು ಅದು ವಿನಯದಿಂದ ಕೇಳಿತು. ಫಾರ್ಮ್ಯಾಟ್ ಎಂದರೆ ಪಾಟಿ ಒರೆಸುವುದು. ನನ್ನ ಬೆರಳು ಒಂದು ಕ್ಷಣ ಗುಂಡಿಯ ಮೇಲೆಯೇ ಇತ್ತು. ಹಿಂದಿನಿಂದ ನಮ್ಮ ಮನೆಯವರು, "ಅದೇನ್ ಕೇಳ್ತದೋ ಏನೋ, ತಿಳೀದೆ ಹೂಂ ಅನಬ್ಯಾಡ್ರಿ" ಎಂದರು. ಮೂವತ್ತು ವರ್ಷ ಕಂಪ್ಯೂಟರ್ ಕೇಂದ್ರದಲ್ಲಿ ಸಂಬಳ ಎಣಿಸಿದವನಿಗೆ ಕಂಪ್ಯೂಟರ್ ಮುಟ್ಟದವರು ಹೇಳಿದ ಈ ಬುದ್ಧಿವಾದವೇ ಅಂದು ಅವ್ವನನ್ನು ಉಳಿಸಿತು.

ಮರುದಿನ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆ. ಕಂಪ್ಯೂಟರಿನ ಬಿಡಿಭಾಗ ಬೇಕೆಂದರೆ ಈ ಊರಿನಲ್ಲಿ ಕಾಲು ತಾನಾಗಿ ಅತ್ತ ಹೋಗುತ್ತದೆ. ಒಂದು ಅಂಗಡಿಯ ಹುಡುಗ ಕಾರ್ಡನ್ನು ತನ್ನ ರೀಡರಿಗೆ ಹಾಕಿ ನೋಡಿದ. ಅವನ ರೀಡರೂ ನನ್ನದರ ಓರಗೆಯದೇ. "ಅಂಕಲ್, ಇಸ್ ಪೇ ದೋ ಜೀಬೀ ಲಿಖಾ ಹೈ, ದಿಖಾರಾ ಏಕ್. ನಕಲಿ ಮಾಲ್ ಹೈ. ಫಾರ್ಮ್ಯಾಟ್ ಮಾರ್ ದೂಂ?" ಎಂದ. ನಾನು, "ನಕ್ಕೋ ಮಿಯಾ, ನಕ್ಕೋ!" ಎಂದು ಹೆಚ್ಚು ಕಡಿಮೆ ಅವನ ಕೈಯಿಂದ ಕಸಿದುಕೊಂಡು ಬಂದೆ. ಕಸಿದುಕೊಂಡು ಬರುವಾಗಲೇ ಆ ಮಾತು ಕಿವಿಯಲ್ಲಿ ಕೊರೆಯತೊಡಗಿತು. ಎರಡು ಬರೆದಿದೆ, ಒಂದು ತೋರಿಸುತ್ತಿದೆ. ಸರಿಯಾಗಿ ಅರ್ಧ. ಕೆಟ್ಟ ವಸ್ತು ಹೀಗೆ ಲೆಕ್ಕ ಹಾಕಿ ಅರ್ಧ ಕೆಡುವುದಿಲ್ಲ. ಇಂಥ ಅರ್ಧವನ್ನು ನಾನು ಹಿಂದೊಮ್ಮೆ ನೋಡಿದ್ದೆ.

ಈಗ ವಾಚಕರು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು. ಈ ಊರಿಗೆ ಕಂಪ್ಯೂಟರ್ ಬಂದದ್ದು ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ಜೊತೆಗೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಇ.ಸಿ.ಐ.ಎಲ್. ಇಲ್ಲಿ ಹುಟ್ಟಿದ್ದು 1967ರಲ್ಲಿ, ಎ.ಎಸ್. ರಾವ್ ನಗರ ಎಂಬ ಬಡಾವಣೆಗೆ ಹೆಸರು ಬಂದದ್ದು ಅದನ್ನು ಕಟ್ಟಿದ ವಿಜ್ಞಾನಿಯಿಂದಲೇ. ಟಿ.ಡಿ.ಸಿ.-12 ಎಂಬ ದೇಶೀಯ ಗಣಕ 1969ರಲ್ಲಿಯೇ ಬಂದಿತ್ತು. ನಾನಿದ್ದ ಕಚೇರಿ ಬೇರೆ, ಅದರ ಹೆಸರು ಇಲ್ಲಿ ಬೇಡ. 1979ರಲ್ಲಿ ಅಲ್ಲಿನ ಟೇಪುಗಳ ಕೋಣೆ ನನ್ನ ವಶದಲ್ಲಿತ್ತು. ಅರ್ಧ ಅಂಗುಲ ಅಗಲ, 2400 ಅಡಿ ಉದ್ದದ ಟೇಪು, ಅಂಗುಲಕ್ಕೆ 1600 ಅಕ್ಷರ. ಒಂದು ರಂಧ್ರಪತ್ರದ 80 ಅಕ್ಷರಗಳು ಅದರಲ್ಲಿ ಅಂಗುಲದ ಇಪ್ಪತ್ತನೆಯ ಒಂದು ಪಾಲು ಜಾಗವನ್ನಷ್ಟೇ ಹಿಡಿಯುತ್ತವೆ. ಆದರೆ ಒಂದೊಂದು ಬರಹದ ನಂತರ ಟೇಪು ನಿಂತು ಮತ್ತೆ ಓಡಲು 0.6 ಅಂಗುಲ ಖಾಲಿ ಬಿಡಬೇಕು. ಅಂದರೆ ಕಾಳಿಗಿಂತ ಹನ್ನೆರಡು ಪಟ್ಟು ಹೊಟ್ಟು! ಒಂದೊಂದೇ ಪತ್ರ ಬರೆಯುತ್ತ ಹೋದರೆ ಇಡೀ ಟೇಪಿಗೆ ಸುಮಾರು 44 ಸಾವಿರ ಪತ್ರ. ನಲವತ್ತು ಪತ್ರಗಳನ್ನು ಒಂದು ಗಂಟು ಕಟ್ಟಿ ಬರೆದರೆ ಸುಮಾರು 4 ಲಕ್ಷ 43 ಸಾವಿರ. ಈ ಗಂಟಿಗೇ ಬ್ಲಾಕ್ ಎಂದು ಹೆಸರು.

ಹಾಗಾದರೆ ಗಂಟನ್ನು ಇನ್ನೂ ದೊಡ್ಡದು ಮಾಡಬಾರದೇಕೆ? ಮಾಡಬಹುದು, ಆದರೆ ಓದುವಾಗ ಗಂಟನ್ನು ಇಡಿಯಾಗಿ ಇಳಿಸಿಕೊಳ್ಳಲು ಯಂತ್ರದೊಳಗೆ ಜಾಗ ಬೇಕು. ಆಗಿನ ಯಂತ್ರದ ಇಡೀ ಸ್ಮೃತಿಕೋಶದಲ್ಲಿ ಇಂದಿನ ಫೋನಿನ ಒಂದು ಫೋಟೋ ಹಿಡಿಯುತ್ತಿರಲಿಲ್ಲ. ಹೀಗಾಗಿ ಯಾರು ಎಷ್ಟು ದೊಡ್ಡ ಗಂಟು ಕಟ್ಟಬಹುದೆಂಬುದಕ್ಕೆ ಪ್ರತಿಯೊಂದು ಕಚೇರಿಗೂ ಒಂದು ಮಿತಿ.

ಒಂದು ತಿಂಗಳು ಬೇರೆ ಊರಿನ ಶಾಖೆಯಿಂದ ಸಂಬಳದ ಟೇಪು ಬಂತು. ಅವರು ಗಂಟಿಗೆ ಇಪ್ಪತ್ತು ಜನರನ್ನು ಕಟ್ಟಿದ್ದರು. ನನ್ನ ಪ್ರೋಗ್ರಾಮು ಹತ್ತು ಜನರಿಗೆಂದು ಜಾಗ ಮಾಡಿಕೊಂಡು ಕುಳಿತಿತ್ತು. ಗಂಟು ಬಂದಾಗ ಹತ್ತು ಜನರನ್ನು ಒಳಗೆ ಬಿಟ್ಟುಕೊಂಡಿತು. ಉಳಿದ ಹತ್ತು ಜನ ಬಾಗಿಲ ಹೊರಗೇ ಉದುರಿದರು. ಉದ್ದ ಸರಿಹೋಗಲಿಲ್ಲವೆಂದು ಯಂತ್ರ ಸೂಚನೆ ಕೊಡುತ್ತದೆ, ನಿಜ. ಆ ಸೂಚನೆ ಮಾತುಮಾತಿಗೆ ಕೆಲಸ ನಿಲ್ಲಿಸುತ್ತದೆಂದು ಅದನ್ನು ಕೇಳಿಸಿಕೊಳ್ಳದಂತೆ ಬರೆದ ಪುಣ್ಯಾತ್ಮ ನಾನೇ. ಸಂಬಳದ ದಿನ ಅರ್ಧ ಶಾಖೆಗೆ ಸಂಬಳವಿಲ್ಲ! ನಮ್ಮ ಮೇಲಧಿಕಾರಿಗಳು ಅಂದು ಆಡಿದ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಇರಲಿ. ಚೆನಾಯ್ ಟ್ರೇಡ್ ಸೆಂಟರಿನ ಮೆಟ್ಟಿಲಿಳಿಯುವಾಗ ನನಗೆ ನೆನಪಾದದ್ದು ಆ ಅರ್ಧ ಶಾಖೆ.

ನಮ್ಮ ಮೇಲಿನ ಮಹಡಿಯಲ್ಲಿ ಕಲಬುರಗಿಯ ಕಡೆಯ ಒಂದು ಕುಟುಂಬವಿದೆ. ಅವರ ಹುಡುಗ ಗಚ್ಚಿಬೌಲಿಯಲ್ಲಿ ಕೆಲಸ ಮಾಡುತ್ತಾನೆ. ಏನು ಕೆಲಸವೆಂದು ಕೇಳಿದರೆ "ಡ್ರೈವರ್ ಬರೀತೀನಿ ಕಾಕಾ" ಎನ್ನುತ್ತಾನೆ. ಅವನ ಅಜ್ಜಿ ಬಹುದಿನ ಮೊಮ್ಮಗ ಆಟೋ ಓಡಿಸುತ್ತಾನೆಂದೇ ತಿಳಿದು ಒಳಗೊಳಗೆ ನೊಂದುಕೊಂಡಿದ್ದರಂತೆ. ಕಂಪ್ಯೂಟರಿನ ಒಳಗಿರುವ ಒಂದೊಂದು ಉಪಕರಣದ ಜೊತೆಗೂ ಮಾತಾಡಲು ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಈ ಹುಡುಗ ಬರೆಯುವುದು ಮೆಮರಿ ಕಾರ್ಡಿನ ಕಂಟ್ರೋಲರಿನ ಡ್ರೈವರನ್ನು. ಇದಕ್ಕೇ ಋಣಾನುಬಂಧ ಎನ್ನುವುದು.

ಅವನು ಕಾರ್ಡನ್ನು ಕೈಗೆ ತೆಗೆದುಕೊಂಡವನೇ ಮೊದಲು ಮಾಡಿದ ಕೆಲಸವೆಂದರೆ ಪಕ್ಕದಲ್ಲಿದ್ದ ಉಗುರಿನಷ್ಟು ಸಣ್ಣ ಕೀಲನ್ನು ಕೆಳಕ್ಕೆ ಸರಿಸಿದ್ದು. "ಇನ್ನ ಯಾರೂ ಇದರ ಮ್ಯಾಲ ಬರಿಯೋ ಹಂಗಿಲ್ಲ ಕಾಕಾ" ಎಂದ. ನನಗೆ ಸಮಾಧಾನವಾಗುವಷ್ಟರಲ್ಲಿ, "ಖರೇ ಹೇಳ್ಬೇಕಂದ್ರ ಈ ಕೀಲಿನ ಸುದ್ದಿ ಕಾರ್ಡಿಗೇ ಗೊತ್ತಿರೂದಿಲ್ಲ. ಹಾಕೋ ಜಾಗದಾಗ ಅದನ್ನ ನೋಡಿ ಮರ್ಯಾದಿ ಕೊಟ್ರ ಉಂಟು" ಎಂದೂ ಸೇರಿಸಿದ. ಈಗಿನ ಹುಡುಗರು ಸತ್ಯವನ್ನು ಅಷ್ಟಕ್ಕೇ ನಿಲ್ಲಿಸುವುದಿಲ್ಲ.

ನನ್ನ ಹಳೆಯ ರೀಡರನ್ನೇ ಅವನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದ. ಅವನದು ಲಿನಕ್ಸ್, ಫಾರ್ಮ್ಯಾಟಿನ ಮಾತೆತ್ತಲಿಲ್ಲ. ಒಂದು ಜಿ.ಬಿ.ಗಿಂತ ತುಸು ಕಡಿಮೆ ಎಂದು ಲೆಕ್ಕ ತೋರಿಸಿತು. ಮೂವತ್ತೆಂಟು ಹಾಡುಗಳ ಪಟ್ಟಿ ಮಾತ್ರ ಪೂರ್ತಿ ಬಂತು, ಏಕೆಂದರೆ ಪಟ್ಟಿ ಇರುವುದು ಕಾರ್ಡಿನ ಮೊದಲ ಭಾಗದಲ್ಲಿ. ಹನ್ನೆರಡು ವರ್ಷಗಳ ನಂತರ ಅವ್ವನ ದನಿ ಕೇಳಿದೆ. ಒಂದು, ಎರಡು, ಮೂರು; ನಾಚಿಕೊಂಡು ಹಾಡಿದ ಹಾಡುಗಳು. ಇಪ್ಪತ್ತೆರಡರ ತನಕ ಸರಾಗ. ಇಪ್ಪತ್ತಮೂರನೆಯದರಲ್ಲಿ ಒಂದು ನುಡಿ ಎತ್ತಿದಳು, ಅದರ ನಡುವೆಯೇ ದನಿ ಕತ್ತರಿಸಿ ಹೋಯಿತು. ಮುಂದೆ ಯಾವುದನ್ನು ಒತ್ತಿದರೂ ಮೌನ. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

"ನಕಲಿ ಅಂದ್ರಪಾ ಅಂಗಡ್ಯಾಗ" ಎಂದೆ.

"ನಕಲಿ ಮಾಲು ಇದ್ದದ್ದಕ್ಕಿಂತ ಹೆಚ್ಚು ತೋರಿಸ್ತದ ಕಾಕಾ. ಕಡಿಮಿ ತೋರಿಸಿ ಯಾರಿಗೇನು ಲಾಭ? ಇದು ನಿಮ್ಮ ರೀಡರಿನ ಲೆಕ್ಕದ ತಪ್ಪು" ಎಂದು ಕಾಗದ ತೆಗೆದುಕೊಂಡು ಕುಳಿತ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಎಸ್.ಡಿ. ಕಾರ್ಡುಗಳು 1999ರಲ್ಲಿ ಪ್ರಕಟವಾದವು. ಮೂರು ದೊಡ್ಡ ಕಂಪನಿಗಳು ಕೂಡಿ ತಂದವು. ಪ್ರತಿ ಕಾರ್ಡಿನ ಹೊಟ್ಟೆಯಲ್ಲಿ ಅದರ ಜಾತಕ ಬರೆದಿರುತ್ತದೆ. ನೀನು ಎಷ್ಟು ದೊಡ್ಡವನು ಎಂದು ಕೇಳಿದರೆ ಕಾರ್ಡು ನೇರವಾಗಿ ಇಷ್ಟು ಎಂದು ಹೇಳುವುದಿಲ್ಲ. ಮೂರು ಅಂಕಿ ಕೊಟ್ಟು, ಗುಣಿಸಿಕೋ ಎನ್ನುತ್ತದೆ. ಮೊದಲನೆಯ ಅಂಕಿಗೆ ಕೊಟ್ಟ ಜಾಗದಲ್ಲಿ ಹೆಚ್ಚೆಂದರೆ 4096 ಹಿಡಿಯುತ್ತದೆ. ಎರಡನೆಯದು ಹೆಚ್ಚೆಂದರೆ 512. ಇವೆರಡನ್ನು ಗುಣಿಸಿದರೆ 20,97,152 ಬ್ಲಾಕುಗಳು. ಮೂರನೆಯ ಅಂಕಿ, ಒಂದು ಬ್ಲಾಕ್ ಎಂದರೆ ಎಷ್ಟು ಬೈಟ್ ಎಂಬುದು. ಮೊದಮೊದಲು ಎಲ್ಲ ಕಾರ್ಡುಗಳದೂ 512 ಬೈಟಿನ ಬ್ಲಾಕ್. ಆ ಲೆಕ್ಕಕ್ಕೆ 1,07,37,41,824 ಬೈಟ್, ಅಂದರೆ ಒಂದು ಜಿ.ಬಿ., ಅದೇ ಕೊನೆ.

ಆಮೇಲೆ 2 ಜಿ.ಬಿ. ಕಾರ್ಡು ಮಾಡುವ ಕಾಲ ಬಂತು. ಮೊದಲೆರಡು ಅಂಕಿಗಳ ಮನೆ ತುಂಬಿಹೋಗಿದೆ, ಜಾತಕದ ನಮೂನೆ ಬದಲಿಸಿದರೆ ಹಳೆಯ ಯಂತ್ರಗಳಿಗೆ ಓದಲು ಬಾರದು. ಆದ್ದರಿಂದ ಮೂರನೆಯ ಅಂಕಿಯನ್ನು ದೊಡ್ಡದು ಮಾಡಿದರು. ನನ್ನ ಬ್ಲಾಕ್ ಎಂದರೆ 1024 ಬೈಟ್ ಎಂದು ಕಾರ್ಡು ಹೇಳತೊಡಗಿತು. ಕೇಳಿಸಿಕೊಂಡ ಯಂತ್ರಕ್ಕೆ ಎರಡು ಜಿ.ಬಿ. ಕಾಣಿಸಿತು. ಬ್ಲಾಕೆಂದರೆ 512 ತಾನೆ, ಅದನ್ನೇನು ಕೇಳುವುದು ಎಂದು ಮೊದಲೇ ತೀರ್ಮಾನಿಸಿಕೊಂಡು ತಯಾರಾದ ಯಂತ್ರಕ್ಕೆ ಅರ್ಧ ಕಾಣಿಸಿತು. 2004ರಲ್ಲಿ ನಾನು ಕೊಂಡ ರೀಡರು ಈ ಎರಡನೆಯ ಜಾತಿಯದು. ನನ್ನ ಕ್ಯಾಮೆರಾದ ಕಾರ್ಡು 256 ಎಂ.ಬಿ.ಯದಾದ್ದರಿಂದ ಅದರ ಹುಳುಕು ಹೊರಬಿದ್ದಿರಲಿಲ್ಲ.

ಇದನ್ನು ಕೇಳುತ್ತಿದ್ದಂತೆ ನನಗೆ ನಗು ತಡೆಯಲಾಗಲಿಲ್ಲ. ಅವ್ವನೇ ಹೇಳುತ್ತಿದ್ದ ಕಥೆ ಇದು! ಅವಳ ಕಾಲಕ್ಕೆ ರಾಯಚೂರು ನಿಜಾಮರ ಸೀಮೆ, ತುಂಗಭದ್ರೆಯ ಆಚೆ ದಡ ಇಂಗ್ಲಿಷರ ಮದ್ರಾಸು. ಈಚೆಗೆ ನಡೆಯುವುದು ಹಾಲಿ ಸಿಕ್ಕಾ, ಆಚೆಗೆ ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ನಮ್ಮಜ್ಜ ಆದವಾನಿಯ ಕಡೆಗೆ ಹೋಗಿ ನೂರು ರೂಪಾಯಿಗೆ ಜೋಡಿ ಎತ್ತು ಮಾತಾಡಿ, ಕೈಮೇಲೆ ಕೈ ಹಾಕಿ, ಗಂಟು ಬಿಚ್ಚಿ ನೂರು ಎಣಿಸಿದನಂತೆ. ಆಚೆಯವನು, ಇನ್ನುಳಿದದ್ದೆಲ್ಲಿ ಎಂದನಂತೆ. ಕಲ್ದಾರ್ ನೂರಕ್ಕೆ ಹಾಲಿ ನೂರಾ ಹದಿನಾರರ ಮೇಲೆ ಬೇಕಲ್ಲ! ಅಜ್ಜ ಬೆಳ್ಳಿಯ ಉಡಿದಾರ ಒತ್ತೆಯಿಟ್ಟು ಎತ್ತು ಹೊಡೆದುಕೊಂಡು ಬಂದ. ಆ ಸಿಕ್ಕಾ 1950ರ ದಶಕದಲ್ಲಿ ಚಲಾವಣೆಯಿಂದ ಹೋಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅವ್ವ ಕಡೆಯವರೆಗೂ, ನಾನು ಸಂಬಳ ಹೆಚ್ಚಾಯಿತೆಂದು ಹೇಳಿದಾಗಲೆಲ್ಲ, "ಹಾಲಿ ನೂರೋ, ಕಲ್ದಾರ್ ನೂರೋ?" ಎಂದು ಚೇಷ್ಟೆ ಮಾಡುತ್ತಿದ್ದಳು. ನನ್ನ ರೀಡರು ಈ ಪ್ರಶ್ನೆ ಕೇಳದೆ ಎಣಿಸಿತ್ತು, ಅಷ್ಟೆ.

ಹುಡುಗನಿಗೂ ಕಥೆ ಹಿಡಿಸಿತು. ತನ್ನ ಡ್ರೈವರಿನ ಒಳಗನ್ನು ಪರದೆಯ ಮೇಲೆ ಬಿಚ್ಚಿ ತೋರಿಸಿದ. ಕಂಟ್ರೋಲರಿಗೂ ಒಂದು ಮಿತಿ ಇದೆಯಂತೆ, ಒಂದು ಸಲಕ್ಕೆ ಎಷ್ಟು ದೊಡ್ಡ ಬ್ಲಾಕನ್ನು ಎತ್ತಿಕೊಳ್ಳಬಲ್ಲೆ ಎಂದು. ಡ್ರೈವರು ಏಳುತ್ತಲೇ ಅದನ್ನು ಕೇಳುತ್ತದೆ. ಉತ್ತರಕ್ಕೆ ನಾಲ್ಕು ಸಂಕೇತಗಳಿವೆ; ಮೂರಕ್ಕೆ ಅರ್ಥ ಉಂಟು: 512, 1024, 2048. ನಾಲ್ಕನೆಯದಕ್ಕೆ ಅರ್ಥ ಗೊತ್ತುಮಾಡಿಲ್ಲ. ಯಾವುದಾದರೂ ಕಂಟ್ರೋಲರ್ ಆ ಅರ್ಥವಿಲ್ಲದ ಉತ್ತರ ಕೊಟ್ಟರೆ ಲಿನಕ್ಸಿನ ಡ್ರೈವರು ಒಂದು ಎಚ್ಚರಿಕೆಯ ಸಾಲು ಬರೆದಿಟ್ಟು, ಎಲ್ಲಕ್ಕಿಂತ ಚಿಕ್ಕದಾದ 512 ಎಂದೇ ಹಿಡಿದು ಮುಂದೆ ನಡೆಯುತ್ತದೆ. ನನಗೆ ಆ ಎಚ್ಚರಿಕೆಯ ಸಾಲನ್ನು ನೋಡಿ ಬಹಳ ಗೌರವ ಬಂತು. 1979ರಲ್ಲಿ ನಾನು ಬರೆಯದೆ ಬಿಟ್ಟ ಸಾಲು ಅದು.

"ಹಂಗಾರ 512 ಅಂತ ಹಿಡಿದ್ರ ಮತ್ತ ಅರ್ಧಕ್ಕ ನಿಲ್ಲೂದಿಲ್ಲೇನು?" ಎಂದು ಕೇಳಿದೆ.

"ಇಲ್ಲ ಕಾಕಾ, ಅವೆರಡೂ ಬ್ಯಾರೆ ಬ್ಯಾರೆ. ಒಟ್ಟು ಎಷ್ಟದ ಅಂತ ಎಣಿಸೂವಾಗ ಕಾರ್ಡಿನ ಅಳತೀನ ನಂಬಬೇಕು. ಎಣಿಸಿದ ಮ್ಯಾಲ, ನನಗ 512ರ ಹಂಗ ಕೊಡಪಾ ಅಂತ ಕಾರ್ಡಿಗೆ ಹೇಳಿದ್ರ ಅದು ಒಪ್ಕೋತದ. ದೊಡ್ಡ ಚೀಲದಾಗಿಂದ ಸಣ್ಣ ಬುಟ್ಟೀಲೆ ತುಂಬಿಕೊಂಡು ಹೋದ್ರ ಏನೂ ತಪ್ಪಿಲ್ಲ. ಚೀಲ ಎಷ್ಟರದು ಅಂತ ಗೊತ್ತಿರಬೇಕು ಅಷ್ಟ."

ಮತ್ತೆ ಈ ತಪ್ಪನ್ನು ನನ್ನ ಕಂಪ್ಯೂಟರಿನಲ್ಲೇ ತಿದ್ದಬಾರದೇಕೆ ಎಂದರೆ, ಕಾರ್ಡಿನ ಜಾತಕ ನೋಡುವವನು ರೀಡರಿನ ಒಳಗೇ ಕುಳಿತಿದ್ದಾನೆ. ಅವನು ಗುಣಾಕಾರ ಮುಗಿಸಿ, ಒಟ್ಟು ಇಷ್ಟು ಎಂಬ ಉತ್ತರವನ್ನು ಮಾತ್ರ ಕಂಪ್ಯೂಟರಿಗೆ ಕೊಡುತ್ತಾನೆ. ಕಂಪ್ಯೂಟರಿಗೆ ಜಾತಕ ಸಿಗುವುದೇ ಇಲ್ಲ. ಅದೇ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಸೀಳಿನಲ್ಲಿ ಹಾಕಿದರೆ ಕಾರ್ಡು ನೇರವಾಗಿ ಕಂಟ್ರೋಲರಿನ ಕೈಗೆ, ಅಲ್ಲಿಂದ ಡ್ರೈವರಿನ ಕಣ್ಣಿಗೆ. 2006ರಿಂದ ಬಂದ ಎಸ್.ಡಿ.ಎಚ್.ಸಿ. ಕಾರ್ಡುಗಳಲ್ಲಂತೂ ಈ ತಂಟೆಯೇ ಇಲ್ಲ; ಬ್ಲಾಕ್ ಖಾಯಮಾಗಿ 512, ಎಣಿಕೆಯ ಮನೆಯನ್ನೇ ದೊಡ್ಡದು ಮಾಡಿಬಿಟ್ಟರು. ನಡುವಿನ ಒಂದು ಸಣ್ಣ ಕಾಲದ, 2 ಜಿ.ಬಿ.ಯ ಕಾರ್ಡುಗಳದ್ದೇ ಈ ಗೋಳು. ಅವ್ವ ಹಾಡಿದ್ದು ಅಂಥದೇ ಕಾರ್ಡಿನಲ್ಲಿ.

ಇನ್ನೊಂದು ಮಾತನ್ನೂ ಹುಡುಗ ಹೇಳಿದ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಕಾರ್ಡಿನಲ್ಲಿ ಬರೆದದ್ದೆಂದರೆ ಕಲ್ಲಿನಲ್ಲಿ ಕೊರೆದದ್ದಲ್ಲ. ಸೂಕ್ಷ್ಮ ಕೋಶಗಳಲ್ಲಿ ಕೂಡಿಟ್ಟ ವಿದ್ಯುತ್ತಿನ ಕಣಗಳು. ಅವು ವರ್ಷ ವರ್ಷ ಒಂದಿಷ್ಟು ಸೋರುತ್ತವೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಭರವಸೆ. ನಾನು ಹದಿನೈದು ದಾಟಿಸಿದ್ದೆ. ಅರ್ಧ ಹಾಡನ್ನು ಈ ಬ್ಲಾಕಿನ ಅಳತೆ ನುಂಗಿದೆಯೋ, ನನ್ನ ಸೋಮಾರಿತನ ನುಂಗಿದೆಯೋ, ಹಾಕಿ ನೋಡದೆ ಹೇಳುವಂತಿಲ್ಲ.

ಲ್ಯಾಪ್‌ಟಾಪಿನ ಸೀಳಿಗೆ ಕಾರ್ಡನ್ನು ತಳ್ಳಿದ. ಮೊದಲು ಒಂದು ಸಾಲು ಬಂತು, ಅದರಲ್ಲಿ 2 ಜಿ.ಬಿ.ಗೆ ಹತ್ತಿರದ ಅಂಕಿ. ಹಾಡು ಹಚ್ಚಬೇಡ, ಮೊದಲು ಇಡೀ ಕಾರ್ಡಿನ ನಕಲು ತೆಗೆದುಕೊ ಎಂದೆ. ಅವನಿಗೂ ಅದೇ ಮನಸ್ಸಿನಲ್ಲಿತ್ತು. ನಕಲು ಕೆಲವೇ ನಿಮಿಷದ ಕೆಲಸ. ನನಗೆ ಮಾತ್ರ ಕಾಚಿಗುಡ ನಿಲ್ದಾಣದಲ್ಲಿ ತಡವಾದ ಗಾಡಿಗೆ ಕಾದಂತಾಯಿತು. ಎರಡು ಕಡೆ ಓದಲಾಗಲಿಲ್ಲವೆಂದು ತೋರಿಸಿತು. ಹುಡುಗ ಮತ್ತೊಮ್ಮೆ, ಮಗದೊಮ್ಮೆ ಓದಿಸಿದ. ಒಂದು ಕಡೆ ಸರಿಹೋಯಿತು, ಇನ್ನೊಂದು ಕಡೆ ಆಗಲಿಲ್ಲ. ಮೂವತ್ತೊಂದನೆಯ ಹಾಡಿನ ನಡುವೆ ಹಲ್ಲು ಕಡಿದಂಥ ಒಂದು ಸದ್ದು ಈಗ ಖಾಯಂ ಉಳಿದಿದೆ. ಅದು ನನ್ನ ಪಾಲಿನ ದಂಡ.

ಆಮೇಲೆ ಇಪ್ಪತ್ತಮೂರನೆಯ ಹಾಡು ಹಚ್ಚಿದೆವು. ತುಂಡಾಗಿದ್ದ ನುಡಿ ಮುಂದುವರಿಯಿತು. ಬೀಸುವ ಪದಗಳು ಒಂದರ ಹಿಂದೊಂದು ಬಂದವು. ಅವುಗಳ ಲಯಕ್ಕೆ ಅವ್ವ ಇಲ್ಲದ ಕಲ್ಲಿನ ಗೂಟವನ್ನು ಹಿಡಿದಂತೆ ಕೈ ತಿರುಗಿಸುತ್ತಿದ್ದಳು. ಅವಳ ಬಳೆಯ ಸದ್ದು ಹಾಡಿನ ಹಿಂದೆ ಸ್ಪಷ್ಟವಾಗಿ ಕೇಳುತ್ತದೆ. ಅಂದು ಪಕ್ಕದಲ್ಲೇ ಕುಳಿತಿದ್ದರೂ ಅದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಮೇಲಿನ ಮನೆಯ ಅಜ್ಜಿಯೂ ಇಳಿದು ಬಂದು ಬಾಗಿಲಲ್ಲಿ ಕುಳಿತರು. ಮೂರನೆಯ ಪದಕ್ಕೆ ಅವರೂ ಸಣ್ಣಗೆ ದನಿಗೂಡಿಸಿದರು. ಅವರ ಊರಿನಲ್ಲಿ ಎರಡನೆಯ ನುಡಿ ಬೇರೆಯಂತೆ. ಅದನ್ನು ಹೇಳಿ ಎಂದು ಹುಡುಗ ಫೋನು ಅವರ ಮುಂದೆ ಹಿಡಿದ. "ನನ್ನ ದನಿ ಯಾಕೋ, ಹೋಗು" ಎಂದರು, ಥೇಟ್ ನಮ್ಮವ್ವ ಮೊದಲ ದಿನ ಅಂದ ಹಾಗೆ.

ಈಗ ಹಾಡುಗಳ ಒಂದು ಪ್ರತಿ ರಾಯಚೂರಿನಲ್ಲಿ ತಂಗಿಯ ಮನೆಯಲ್ಲಿದೆ, ಒಂದು ಅಳಿಯನ ಹತ್ತಿರ, ಎರಡು ನಮ್ಮಲ್ಲಿ. ಹಳೆಯ ರೀಡರನ್ನು ಎಸೆಯಲು ಮನಸ್ಸಾಗಲಿಲ್ಲ, '1 ಜಿ.ಬಿ. ತನಕ ಮಾತ್ರ' ಎಂದು ಚೀಟಿ ಅಂಟಿಸಿ ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಮ್ಮ ಸಂಘದ ಬಂಧುಗಳ ಮನೆಯಲ್ಲಿ ಯಾರಲ್ಲಾದರೂ ಇಂಥ 2 ಜಿ.ಬಿ. ಕಾರ್ಡಿದ್ದು ಅರ್ಧವೇ ಕಾಣುತ್ತಿದ್ದರೆ, ಅಥವಾ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿದ್ದರೆ, ಬೇಡ ಎಂದು ಒತ್ತಿ, ಕಾರ್ಡನ್ನು ತೆಗೆದಿಟ್ಟು ಭಾನುವಾರ ಬೆಳಿಗ್ಗೆ ನಮ್ಮಲ್ಲಿಗೆ ತನ್ನಿ. ಹುಡುಗ ಹತ್ತು ಗಂಟೆಗೆ ಮುಂಚೆ ಏಳುವುದಿಲ್ಲ. ಅಲ್ಲಿಯ ತನಕ ಚಹಾ ಕುಡಿಯೋಣ.

ಮೂವತ್ತೆಂಟನೆಯದು ಹಾಡಲ್ಲ. ಹಾಡು ಮುಗಿದ ಮೇಲೂ ಯಂತ್ರ ಓಡುತ್ತಿತ್ತೆಂದು ಕಾಣುತ್ತದೆ. ಅವ್ವ ನೀರು ಕುಡಿಯುವ ಸದ್ದು, ಲೋಟ ಕೆಳಗಿಟ್ಟ ಸದ್ದು. "ಎಷ್ಟಾದವೋ?" ಎನ್ನುತ್ತಾಳೆ. ನನ್ನ ದನಿ, "ಮೂವತ್ತೇಳು ಆದವು" ಎನ್ನುತ್ತದೆ. "ಸಾಕು ಬಿಡು, ಅದರ ಕರೆಂಟ್ ಸುಮ್ನ ಹಾಳಾಗ್ತದ, ಆರಸು" ಎನ್ನುತ್ತಾಳೆ.